ಖಾಲಿ ಕುರ್ಚಿಗೆ ಕುಂಕುಮ

ಯಾವ ಯುಗದಲ್ಲಿ ಮನುಜಕುಲವು ನೆಲವನ್ನಳೆದು, ಕಡಲನ್ನಳೆದು, ಚಂದ್ರನ ನೆತ್ತಿಯ ಮೇಲೂ ಕಾಲೂರಿ, ಇನ್ನಳೆಯಲು ಬೇರೇನೂ ಉಳಿಯದೆ ತನ್ನ ಮನಸ್ಸನ್ನೇ ಅಳೆಯಲು ಹೊರಟಿತೋ, ಯಾವ ಯುಗದಲ್ಲಿ ಆತ್ಮಜ್ಞಾನವು ಭಾನುವಾರ ಹತ್ತರಿಂದ ಹನ್ನೆರಡರವರೆಗೆ, ನಡುವೆ ಚಹಾ ವಿರಾಮದೊಂದಿಗೆ, ಸರ್ವಜನಸುಲಭವಾಯಿತೋ, ಆ ಮಹಾಯುಗದ ಕಥೆಯಿದು. ಉದಯಗಿರಿಯ ಶಿಖರದಲ್ಲಿ ಪದ್ಮಾಸನ ಹಾಕಿ ಕುಳಿತ ಪೂರ್ವದಿಗಂಗನೆಯೇ, ಅಸ್ತಗಿರಿಯ ತಪ್ಪಲಲ್ಲಿ ಕಾಲ ಮೇಲೆ ಕಾಲು ಹಾಕಿ ಟಿಪ್ಪಣಿ ಬರೆದುಕೊಳ್ಳುವ ಪಶ್ಚಿಮದಿಗಂಗನೆಯೇ, ಇಬ್ಬರೂ ಕೂಡಿ ನನ್ನ ನಾಲಿಗೆಯ ಮೇಲೆ ಬಂದು ಕೂರಿರಿ. ಜಾಗ ಸಾಲದೆಂದು ನೀವು ಜಗಳ ತೆಗೆಯಬೇಡಿರಿ, ಜಗಳಕ್ಕೆ ಬೇರೆಯೇ ಜನ ಇದ್ದಾರೆ.

ಗದಗ ಪಟ್ಟಣದಲ್ಲಿ ಅಕ್ಷಾಂಶ-ರೇಖಾಂಶ-ಪಾರಂಗತೆ, ಭೂಪಟ-ದಂಡ-ಧಾರಿಣಿ, ಗಲಾಟೆ-ತರಗತಿ-ಮರ್ದಿನಿ ಎಂಬ ಬಿರುದುಗಳಿಗೆ ಸರ್ವಥಾ ಅರ್ಹಳಾದ, ಹೆಣ್ಣುಮಕ್ಕಳ ಹೈಸ್ಕೂಲಿನ ನಿವೃತ್ತ ಭೂಗೋಳದ ಟೀಚರು ನೀಲಾಂಬಿಕಾ ಹೊಂಬಳ ವಾಸವಾಗಿದ್ದಳು. ಓಣಿಯವರಿಗೆ ನೀಲಕ್ಕ. ಆಫ್ರಿಕಾದ ನದಿಗಳನ್ನೆಲ್ಲ ಕಣ್ಣುಮುಚ್ಚಿ ಗೋಡೆಯ ಮೇಲೆ ತೋರಿಸಬಲ್ಲ ಆ ವೀರಾಂಗನೆಗೆ ತನ್ನ ಮನೆಯ ಹಿಂದಿನ ಓಣಿಗೆ ಹೋಗುವ ದಾರಿ ಮಾತ್ರ ಒಂಬತ್ತು ವರ್ಷಗಳಿಂದ ಮುಚ್ಚಿತ್ತು. ಯಾಕೆಂದರೆ ಅಲ್ಲಿ ಕಸ್ತೂರಿ ಬಳಗಾನೂರಳ ಮನೆ ಇತ್ತು.

ಈ ಕಸ್ತೂರಿ ಸಾಮಾನ್ಯಳಲ್ಲ. ಅದೇ ಶಾಲೆಯ ಹೊಲಿಗೆ ಟೀಚರು, ಸೂಚೀ-ಸೂತ್ರ-ಸಾಮ್ರಾಜ್ಯೇಶ್ವರಿ. ಇಪ್ಪತ್ತನಾಲ್ಕು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಹೆಡ್ಮಾಸ್ತರರು ಸೀನುವುದನ್ನು ಕಸ್ತೂರಿ ಅಣಕಿಸಿ ತೋರಿಸಿದರೆ ನೀಲಕ್ಕನ ಮೂಗಿನಿಂದ ಚಹಾ ಬರುತ್ತಿತ್ತು, ಅಂಥ ಗೆಳೆತನ. ಒಂಬತ್ತು ವರ್ಷದ ಹಿಂದೆ, ದೀಪಾವಳಿಯ ಮುಂಚೆ, ಕಸ್ತೂರಿ ನೀಲಕ್ಕನ ಚಕ್ಕಲಿ ಒರಳನ್ನು ಎರವಲು ಒಯ್ದಳು. ನೀಲಕ್ಕನ ತಾಯಿಯಿಂದ ಬಂದ ಹಿತ್ತಾಳೆಯ ಒರಳು ಅದು. ಅದರ ಬಾಯಿಗೆ ಕೂರುವ, ಮೂರು ನಕ್ಷತ್ರದ ತೂತುಗಳುಳ್ಳ ಬಿಲ್ಲೆಯೇ ಅದರ ಪ್ರಾಣ. ಹಬ್ಬ ಕಳೆದ ಮೇಲೆ ಒರಳು ಪೇಪರಿನಲ್ಲಿ ಸುತ್ತಿಕೊಂಡು ಮರಳಿ ಬಂತು. ನೀಲಕ್ಕ ಶಾಲೆಯಲ್ಲಿದ್ದಳು, ಗಂಡ ಬಾಗಿಲಲ್ಲಿ ಇಸಿದುಕೊಂಡ. ಸಂಜೆ ಬಿಚ್ಚಿ ನೋಡಿದರೆ ಒರಳಿದೆ, ಬಿಲ್ಲೆಯಿಲ್ಲ!

"ನಾ ಒಳಗ ಹಾಕೇ ಕಳಿಸೀನಿ," ಎಂದಳು ಕಸ್ತೂರಿ.

"ಇದ್ದಿದ್ರ ಎಲ್ಲಿ ಹೋಕ್ಕೈತಿ? ಕಾಲು ಬಂದಾವೇನು ಅದಕ್ಕ?"

"ಅಂದ್ರ ನಾ ಕಳ್ಳಿ ಅಂತೀಯೇನು?"

"ನಾ ಹಂಗ ಅಂದೆನೇನು?"

ಅಷ್ಟೇ. ಸಾಮ್ರಾಜ್ಯಗಳು ಇದಕ್ಕಿಂತ ಕಡಿಮೆ ಮಾತಿಗೆ ಮುಳುಗಿವೆ. ಅಂದಿನಿಂದ ಸಂತೆಯಲ್ಲಿ ಎದುರಾದರೆ ಇಬ್ಬರೂ ಒಮ್ಮೆಲೇ ಬದನೆಕಾಯಿಯ ಕಡೆ ತಿರುಗುವರು. ನೀಲಕ್ಕ ಬೇರೆ ಬಿಲ್ಲೆ ಕೊಂಡಳು, ಅದರಲ್ಲಿ ಒತ್ತಿದ ಚಕ್ಕಲಿಗೆ ಮುಳ್ಳೇ ಏಳಲಿಲ್ಲ. ಹೋಗಲಿ, ಚಕ್ಕಲಿಯ ಮಾತು ಬಿಡಿ. ಒಂಬತ್ತು ವರ್ಷದಲ್ಲಿ ಆಕೆಯ ಮೂಗಿನಿಂದ ಚಹಾ ಬರುವಂಥ ನಗು ಒಮ್ಮೆಯೂ ಬರಲಿಲ್ಲ. ಆಕೆಗೆ ಬೇಕಾಗಿದ್ದವಳು ಕಸ್ತೂರಿ. ಅದನ್ನು ಬಾಯಿಬಿಟ್ಟು ಹೇಳಲು ಬಿಲ್ಲೆ ಅಡ್ಡ ಕೂತಿತ್ತು.

ಹೀಗಿರುವಾಗ ಊರಿನ ಶಾಲೆಯೊಂದರ ಸಭಾಂಗಣದಲ್ಲಿ 'ಪೂರ್ವ-ಪಶ್ಚಿಮ ಚೇತನ ಸಂಗಮ' ಎಂಬ ಆರು ಭಾನುವಾರಗಳ ಶಿಬಿರ ಆರಂಭವಾಯಿತು. ಪೂರ್ವದ ಪಕ್ಷಕ್ಕೆ ಯೋಗಾಚಾರ್ಯ ಅಡವಯ್ಯನವರು. ಪಶ್ಚಿಮದ ಪಕ್ಷಕ್ಕೆ ಆಪ್ತಸಮಾಲೋಚಕಿ ರೋಹಿಣಿ ಮೇಡಂ. ಸೇರಿದವರಿಗೆಲ್ಲ ಒಂದೊಂದು ಕಿರುಪುಸ್ತಕ. ಅದರ ಹೊದಿಕೆಯ ಮೇಲೆ ಎರಡೂ ಕಡೆಯಿಂದ ಸೂರ್ಯ ಹುಟ್ಟುತ್ತಿದ್ದ. ಭೂಗೋಳದ ಟೀಚರಾದ ನೀಲಕ್ಕ ಅದನ್ನು ನೋಡಿ ಹಲ್ಲು ಕಚ್ಚಿಕೊಂಡಳು, ಆದರೂ ಸೇರಿದಳು.

ಅಡವಯ್ಯನವರು ಅಂದರು: "ಸಿಟ್ಟು ಬಂದಾಗ ಅದನ್ನ ಸುಮ್ನ ನೋಡ್ರಿ. ಬಂತು, ಕುಂತು, ಎದ್ದು ಹೋತು. ನೀವು ಬರೇ ಸಾಕ್ಷಿ."

ರೋಹಿಣಿ ಮೇಡಂ ಅಂದರು: "ನುಂಗಿಕೊಂಡ ಸಿಟ್ಟು ಎಲ್ಲಿಗೂ ಹೋಗಲ್ಲ. ಎದುರಿಗೆ ಒಂದು ಖಾಲಿ ಕುರ್ಚಿ ಇಡಿ. ನಿಮ್ಮನ್ನ ನೋಯಿಸಿದವರು ಅಲ್ಲೇ ಕೂತಿದಾರೆ ಅಂದ್ಕೊಳ್ಳಿ. ಎಲ್ಲಾ ಹೇಳಿಬಿಡಿ."

"ಎರಡೂ ಕೂಡೇ ಮಾಡಬೇಕೇನ್ರಿ?" ಎಂದು ನೀಲಕ್ಕ ಕೇಳಿದಳು. ಗುರುಗಳಿಬ್ಬರೂ ಪರಸ್ಪರ ನೋಡಿಕೊಂಡು ಹೌದೆಂದರು. ಮೊದಲು ಹತ್ತು ನಿಮಿಷ ಕಣ್ಣುಮುಚ್ಚಿ ಉಸಿರಾಟ, ಆಮೇಲೆ ಕಣ್ಣು ತೆರೆದು ಕುರ್ಚಿ. ಇದೇ ಸಂಗಮ.

ಇನ್ನು ಆ ಕುರ್ಚಿಯ ವರ್ಣನೆಯನ್ನು ಕೇಳಿರಿ. ನೀಲಕ್ಕನ ಪಡಸಾಲೆಯ ಕಿಟಕಿಯ ಬಳಿ, ಸಾಗವಾನಿ-ದೇಹದ, ಬೆತ್ತ-ಬೆನ್ನಿನ, ಆನೆಯಂತೆ ತೂಗುವ ಒಂದು ಕುರ್ಚಿಯಿತ್ತು. ಅದರ ದಪ್ಪ ಕಾಲುಗಳಲ್ಲಿ ಒಂದು ಗಿಡ್ಡ. ಗಂಡ ಗುರುಬಸಪ್ಪ ನಿವೃತ್ತ ಭೂಮಾಪಕ. ನೆಲದ ಮೇಲೆ ಒಂದು ಎಳ್ಳಿನಷ್ಟು ಓರೆಯಿದ್ದರೂ ಆತನಿಗೆ ಅನ್ನ ಸೇರದು. ಯಾವ ಕಾಲದಲ್ಲೋ ಆತ ಗಿಡ್ಡಗಾಲಿಗೆ ಏನನ್ನೋ ಒತ್ತುಕೊಟ್ಟು, ಮಟ್ಟಗೋಲು ಇಟ್ಟು ನೋಡಿ, ನಾಲ್ಕೂ ಕಾಲಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಅಲುಗಿಸಕೂಡದೆಂದು ಶಾಸನ ಹೊರಡಿಸಿದ್ದ. ಕಸ ಗುಡಿಸುವವಳೂ ಅದನ್ನು ಪ್ರದಕ್ಷಿಣೆ ಹಾಕಿಯೇ ಹೋಗುವಳು. ಶತ್ರುವಿಗೆ ತಕ್ಕ ಪೀಠವೆಂದು ನೀಲಕ್ಕ ಅದನ್ನೇ ಆರಿಸಿದಳು.

ಸೋಮವಾರ ಬೆಳಿಗ್ಗೆ, ಹಾಲಿನವನ ಹಾರ್ನೇ ರಣಕಹಳೆಯಾಗಿ ಮೊಳಗಲು, ಸ್ನಾನಾನಂತರ-ಶುಭ್ರಾಂಬರೆಯಾದ ನೀಲಕ್ಕ ಚಾಪೆಯ ಮೇಲೆ ಕುಳಿತು ಹತ್ತು ನಿಮಿಷ ಉಸಿರನ್ನು ನೋಡಿದಳು. ಕಣ್ಣು ತೆರೆದಳು. ಕುರ್ಚಿಯಲ್ಲಿ ಕಸ್ತೂರಿಯನ್ನು ಕಲ್ಪಿಸಿದಳು, ಎಂಟು ಮೊಳದ ಕಪ್ಪು ಜಡೆಯ ಸಮೇತ. ಆಹಾ, ಆಗ ಆಕೆಯ ಎದೆಯಲ್ಲಿ ಗರ್ಜಿಸಿದ ವೀರವಾಣಿಯನ್ನು ಏನೆಂದು ಹೇಳಲಿ! "ಎಲೆಗೆ ಬಿಲ್ಲಾಪಹಾರಿಣೀ, ವಿಶ್ವಾಸಘಾತ-ವಿಶಾರದೇ, ನವವತ್ಸರ-ಸಂಚಿತವಾದ ನನ್ನ ಕೋಪಜ್ವಾಲಾಮುಖಿಯು ಇಗೋ ಬಾಯ್ದೆರೆದಿದೆ. ನಿಂತು ಎದುರಿಸು, ಇಲ್ಲವೇ ಹಿತ್ತಾಳೆಯನ್ನು ಒಪ್ಪಿಸು!"

ಎದೆಯಲ್ಲಿ ಇದಿತ್ತು. ಬಾಯಿಂದ ಬಂದದ್ದು ಮಾತ್ರ, "ಬಾರವಾ, ಕುಂದ್ರು."

ಅಲ್ಲಿಗೆ ಯುದ್ಧ ನಿಂತಿತು. ಯಾಕೆಂದರೆ ನೀಲಕ್ಕನಿಗೆ ಒಂದು ಸಂಕಟ ಹುಟ್ಟಿತು. ಮನೆಗೆ ಬಂದ ಹೆಣ್ಣುಮಗಳು ಕುಂತಾಳೆ. ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು ಕೊಡದೆ ಹೇಗೆ ಬಯ್ಯುವುದು? ಶತ್ರುವೇ ಇರಲಿ, ಕಲ್ಪನೆಯೇ ಇರಲಿ, ಮನೆತನ ಅಂತ ಒಂದಿಲ್ಲವೇ? ಎದ್ದು ಹೋಗಿ ಬೆಲ್ಲ-ನೀರು ತಂದು ಕುರ್ಚಿಯ ಕೈಯ ಮೇಲಿಟ್ಟಳು. ಆಮೇಲೆ ಹಣೆ ಖಾಲಿ ಕಂಡಿತು. ಕುಂಕುಮದ ಬಟ್ಟಲು ತಂದು ಕುರ್ಚಿಯ ಬೆನ್ನಿಗೆ, ಹಣೆ ಇರಬಹುದಾದ ಎತ್ತರಕ್ಕೆ, ಹಚ್ಚಿದಳು. ಕುಂಕುಮ ಹಚ್ಚಿದ ಬೆರಳನ್ನೇ ಎತ್ತಿ ಬಯ್ಯುವುದು ಆಕೆಯಿಂದ ಆಗಲಿಲ್ಲ.

ಮಂಗಳವಾರ ಬೈಗುಳ ಎರಡು ವಾಕ್ಯದವರೆಗೆ ಬಂತು, ಅಷ್ಟರಲ್ಲಿ ಒಲೆಯ ಮೇಲಿನ ಉಪ್ಪಿಟ್ಟು ನೆನಪಾಗಿ ಒಂದು ತಾಟು ಕುರ್ಚಿಗೂ ಬಂತು. ಬುಧವಾರ ದನಿ ಏರಿತು. "ಕಸ್ತೂರೀ! ನನಗ ಉತ್ತರಾ ಕೊಡು ಕಸ್ತೂರೀ! ಉಪ್ಪಿಟ್ಟು ಆರತೈತಿ, ಮೊದಲ ತಿನ್ನು!" ಎಂಬ ಸಿಂಹನಾದವು ಕಿಟಕಿಯಿಂದ ಹೊರಟು ಓಣಿಯ ತಗಡುಗಳನ್ನು ನಡುಗಿಸಿತು. ಗುರುವಾರ, ಶುಕ್ರವಾರ, ಶನಿವಾರವೂ ಅದೇ.

ಭಾನುವಾರ ಆಕೆ ಶಿಬಿರದಲ್ಲಿ ಎದ್ದು ನಿಂತು ಕೇಳಿದಳು: "ಮೇಡಂ, ಬಯ್ಯೂಕಿಂತ ಮೊದಲ ತಿನ್ನಾಕ ಏನಾರ ಕೊಟ್ರ ನಡೀತೈತೇನ್ರಿ?"

ರೋಹಿಣಿ ಮೇಡಂ ತಮ್ಮ ದಪ್ಪ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. "ಇದರಲ್ಲಿ ಹಾಗೇನೂ ಹೇಳಿಲ್ಲ ಮೇಡಂ."

ಅಡವಯ್ಯನವರು ಬಹಳ ಹೊತ್ತು ಕಣ್ಣುಮುಚ್ಚಿ, ಕಡೆಗೆ, "ಉಪ್ಪಿಟ್ಟು ಯಾವ ರವಾದ್ದು?" ಎಂದು ಕೇಳಿದರು.

ಮರುದಿನ ಸೋಮವಾರ. ನೀಲಕ್ಕ ಇಂದು ಗೆಲ್ಲಲೇಬೇಕೆಂದು ನಿಶ್ಚಯಿಸಿದ್ದಳು. ಬೆಲ್ಲ, ನೀರು, ಕುಂಕುಮ, ಉಪ್ಪಿಟ್ಟು ಎಲ್ಲವನ್ನೂ ಮೊದಲೇ ಸಜ್ಜುಗೊಳಿಸಿ, ನಡುವೆ ಏಳುವ ಕೆಲಸವೇ ಇಲ್ಲದಂತೆ ವ್ಯೂಹ ರಚಿಸಿ, ಚಾಪೆಯ ಮೇಲೆ ಕುಳಿತು ಕಣ್ಣುಮುಚ್ಚಿದಳು. ಉಸಿರು ಬಂತು, ಉಸಿರು ಹೋಯಿತು. ಯಾಕೋ ಇಂದು ಎರಡು ಉಸಿರು ಕೇಳಿದಂತಾಯಿತು. ಸಾಧನೆ ಫಲಿಸುತ್ತಿದೆ ಎಂದುಕೊಂಡು ಕಣ್ಣು ತೆರೆದಳು.

ಕುರ್ಚಿಯಲ್ಲಿ ಕಸ್ತೂರಿ ಕೂತಿದ್ದಳು. ಅಬ್ಬಾ, ಎಂಥ ಕಲ್ಪನಾಶಕ್ತಿ! ಮೆಟ್ಟಿಲು ಹತ್ತಿ ಬಂದವಳಂತೆ ಏದುಸಿರು ಬಿಡುತ್ತಿದ್ದಾಳೆ, ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತಿದ್ದಾಳೆ. ಆದರೆ ಇದೇನು, ತಲೆ ಪೂರ್ತಿ ಬೆಳ್ಳಗಾಗಿದೆ. ನೀಲಕ್ಕ ಕಲ್ಪಿಸಿಕೊಳ್ಳುತ್ತಿದ್ದದ್ದು ಕಪ್ಪು ಜಡೆಯನ್ನು. ಕೂದಲು ಬೆಳ್ಳಗಾದ ಆ ಒಂಬತ್ತು ವರ್ಷವನ್ನು ಆಕೆ ನೋಡಿಯೇ ಇರಲಿಲ್ಲ.

ಕೋಪದ ಆಯುಧಶಾಲೆಯನ್ನು ತೆರೆದು ನೋಡಿದರೆ ಒಳಗೆ ಒಂದೇ ಒಂದು ಮಾತು ಉಳಿದಿತ್ತು. ಕುರ್ಚಿ ಹೇಗೂ ಖಾಲಿಯಿದೆಯಲ್ಲ ಎಂಬ ಧೈರ್ಯದಲ್ಲಿ ಅದನ್ನೇ ಹೇಳಿಬಿಟ್ಟಳು.

"ಬಿಲ್ಲೆ ಹಾಳಾಗಿ ಹೋಗ್ಲಿ ಕಸ್ತೂರಿ. ನೀ ಯಾಕ ಬರೂದು ಬಿಟ್ಟಿ? ನನ್ನ ಜೋಡಿ ನಗೂ ಮಂದಿ ಒಬ್ಬರೂ ಇಲ್ಲವಾ ಈ ಊರಾಗ. ಒಂದ ದಿವಸ ಬಾಗಲಕ್ಕ ಬಂದು, ಏ ನೀಲಾ, ಅಂದಿದ್ರ ಸಾಕಿತ್ತು. ದಿನಾ ದಾರಿ ನೋಡೀನಿ ನಾ."

ಕುರ್ಚಿಯಲ್ಲಿದ್ದವಳು ಉಪ್ಪಿಟ್ಟಿನ ತಾಟು ತೊಡೆಯ ಮೇಲಿಟ್ಟುಕೊಂಡಳು. ಒಂದು ತುತ್ತು ತಿಂದಳು. "ನಿಂಬಿಹಣ್ಣು ಹಿಂಡಿಲ್ಲೇನ ಇದಕ್ಕ?" ಎಂದಳು.

ನೀಲಕ್ಕ ಚಾಪೆಯ ಮೇಲೆಯೇ ಒಂದು ಗೇಣು ಹಿಂದೆ ಸರಿದಳು. "ಏ! ನೀ... ನೀ ಖರೇನ ಬಂದೀಯೇನು?"

"ಮತ್ತ? ಒಂದ ವಾರದಿಂದ ಮುಂಜಾನೆದ್ದು ನನ್ನ ಹೆಸರು ಹಿಡಿದು ಒದರಾಕತ್ತೀಯಂತ, ಹಾಲಿನವ ಬಂದು ಹೇಳಿದ. ನೀಲಕ್ಕಗ ಹುಚ್ಚು ಹಿಡದೈತ್ರಿ, ಖಾಲಿ ಖುರ್ಚಿಗೆ ಕುಂಕುಮ ಹಚ್ಚಿ ಉಪ್ಪಿಟ್ಟು ತಿನ್ನಸ್ತಾಳ ಅಂದ. ಎದಿ ಧಸಕ್ಕಂತು. ಬಾಗಲಾ ತೆರದಿತ್ತು, ಬಂದೆ." ಕಸ್ತೂರಿ ಇನ್ನೊಂದು ತುತ್ತು ಎತ್ತಿ, ತಿನ್ನದೆ ತಾಟಿಗೇ ಇಟ್ಟಳು. "ಖುರ್ಚಿಗೆ ಬಯ್ಯೂ ಬದಲಿ ನನಗ ಬಂದು ಬಯ್ಯಬಾರದೇನವಾ? ನಾನೂ ಒಂಬತ್ತ ವರ್ಷ ದಾರೀನ ನೋಡೀನಿ."

ಆಗ ಗಲಾಟೆ-ತರಗತಿ-ಮರ್ದಿನಿಯು ಗೊಳೋ ಎಂದು ಅತ್ತಳು. ಅವಳನ್ನು ಸಮಾಧಾನ ಮಾಡಲು ಸೂಚೀ-ಸೂತ್ರ-ಸಾಮ್ರಾಜ್ಯೇಶ್ವರಿಯು ಏಳಲಾರದ ಮಂಡಿಯವಳಾದ್ದರಿಂದ, ಎರಡೂ ಕಾಲು ನೆಲಕ್ಕೂರಿ, ಕುರ್ಚಿಯ ಸಮೇತವೇ ಮುಂದೆ ಜರುಗಿದಳು. ಕರ್ರ್ ಎಂದಿತು ಸಾಗವಾನಿ. ಒಂಬತ್ತು ವರ್ಷ ಯಾರೂ ದಾಟದ ಸೀಮೆಸುಣ್ಣದ ಗೆರೆಯನ್ನು ಅದು ದಾಟಿತು. ಕುರ್ಚಿ ಒಂದು ಕಡೆಗೆ ಧಡಕ್ಕನೆ ವಾಲಿತು.

"ಅಯ್ಯಯ್ಯೋ, ಮಟ್ಟಾ ಹೋತು!" ಎನ್ನುತ್ತ ಒಳಗಿನಿಂದ ಗುರುಬಸಪ್ಪ ಓಡಿಬಂದ.

ಮೂವರ ಕಣ್ಣೂ ಒಂದೇ ಜಾಗಕ್ಕೆ ಹೋದವು. ಗೆರೆಯೊಳಗೆ, ಗಿಡ್ಡಗಾಲು ಇದ್ದ ಕಡೆ, ಕಪ್ಪುಗಟ್ಟಿದ ಒಂದು ದುಂಡನೆಯ ಹಿತ್ತಾಳೆ ಬಿದ್ದಿತ್ತು. ಅದರಲ್ಲಿ ಮೂರು ನಕ್ಷತ್ರಗಳಿದ್ದವು.

ನೀಲಕ್ಕ ಕೈ ಚಾಚಿ ಅದನ್ನು ಎತ್ತಿಕೊಂಡಳು.

"ರೀ," ಎಂದಳು ನೀಲಕ್ಕ, ಭೂಕಂಪದ ಪಾಠ ಶುರುಮಾಡುವ ದನಿಯಲ್ಲಿ, "ಇದು ಇಲ್ಲಿಗೆ ಹೆಂಗ ಬಂತು?"

"ಅದಾ? ಯಾವುದೋ ಪೇಪರಿನ ಗಂಟಿನಿಂದ ಉಳ್ಳಿ ಬಿತ್ತು. ವಾಶರ್ ಅಂದಕೊಂಡೆ. ಕರೆಕ್ಟ್ ಮೂರು ಮಿಲಿಮೀಟರ್ ಇತ್ತು."

"ಒಂಬತ್ತ ವರ್ಷ ಬಿಲ್ಲೆ ಬಿಲ್ಲೆ ಅಂತ ಬಾಯಿ ಬಡಕೊಂಡೆ, ನಿಮ್ಮ ಕಿವಿಗೆ ಬೀಳಲಿಲ್ಲೇನು?"

"ನೀ ಚಕ್ಕಲಿದು ಅಂತಿದ್ದಿ. ಇದು ಖುರ್ಚಿದು," ಎಂದ ಗುರುಬಸಪ್ಪ, ಅತ್ಯಂತ ಪ್ರಾಮಾಣಿಕವಾಗಿ.

ಮೊದಲು ನಕ್ಕವಳು ಕಸ್ತೂರಿ. ಆಕೆ ಉಪ್ಪಿಟ್ಟಿನ ತಾಟು ಕೆಳಗಿಟ್ಟು, ಮೂಗೇರಿಸಿ, ಎಂದೋ ತೀರಿಹೋದ ಹೆಡ್ಮಾಸ್ತರರ ಸೀನನ್ನು ಸೀನಿದಳು. ನೀಲಕ್ಕ ನೀರಿನ ತಂಬಿಗೆ ಬಾಯಿಗಿಟ್ಟಿದ್ದಳು. ಚಹಾ ಅಲ್ಲದಿದ್ದರೂ, ಮೂಗಿನಿಂದ ಬರಬೇಕಾದದ್ದು ಬಂತು. "ಸಾಯ್ತೀನಿ ಬಿಡ ನಾ, ಕಸ್ತೂರೀ!" ಎಂದು ಚಾಪೆ ಬಡಿದು ಬಡಿದು ನಕ್ಕಳು.

ಹೀಗೆ ಪೂರ್ವದ ಸಾಕ್ಷೀಭಾವವೂ ಪಶ್ಚಿಮದ ಖಾಲಿ ಕುರ್ಚಿಯೂ ಕೂಡಿ, ನವವರ್ಷವ್ಯಾಪಿಯಾದ ಮಹಾಸಂಗ್ರಾಮವನ್ನು ಮುಗಿಸಿ, ಉಳಿಸಿದ ವಿಜಯಲಾಂಛನವು ಎರಡೂವರೆ ಇಂಚು ಅಗಲದ್ದು. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ನಕ್ಷತ್ರಗಳಲ್ಲಿ ಸೇರಿದ್ದ ಮಣ್ಣನ್ನು ಸೇಫ್ಟಿಪಿನ್ನಿನಿಂದ ಕೆದರುತ್ತ ವೀರಾಂಗನೆಯರಿಬ್ಬರೂ ನೆಲದ ಮೇಲೆ ಕೂತರು. ಏಳಲಾರದ ಮಂಡಿಯವಳು ಹೇಗೆ ಇಳಿದು ಕೂತಳೋ, ಅದನ್ನು ಕಥೆಗಾರನೂ ನೋಡಲಿಲ್ಲ.

ಗುರುಬಸಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಕುರ್ಚಿ ಕುಂಟುತ್ತಿತ್ತು. ಆತ ಮನೆಯೆಲ್ಲ ಹುಡುಕಿ, ಕಡೆಗೆ ಮೇಜಿನ ಮೇಲಿದ್ದ ಶಿಬಿರದ ಕಿರುಪುಸ್ತಕವನ್ನು ಎತ್ತಿ ಬೆರಳಲ್ಲಿ ಹಿಸುಕಿ ನೋಡಿದ. ಹೊದಿಕೆ ಸೇರಿ ಮೂರೇ ಮಿಲಿಮೀಟರ್. ಕುರ್ಚಿಯನ್ನು ಗೆರೆಗೆ ತಂದು, ಎರಡೂ ಕಡೆಯಿಂದ ಸೂರ್ಯ ಹುಟ್ಟುವ ಆ ಗ್ರಂಥವನ್ನು ಗಿಡ್ಡಗಾಲಿನ ಕೆಳಗೆ ಒತ್ತಿ, ಮಟ್ಟಗೋಲು ಇಟ್ಟು ನೋಡಿ, "ಈಗ ಸರಿ ಆತು," ಎಂದ.

ಕಸ್ತೂರಿ ಅವನ ಕೈ ಹಿಡಿದು ಎದ್ದು, ಕುರ್ಚಿಯ ಮೇಲೆ ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ಪರೀಕ್ಷಿಸಿದಳು. ಅಲುಗಲಿಲ್ಲ. ಸೆರಗು ಹೊದ್ದು ನೆಟ್ಟಗಾದಳು.

"ಹೂಂ, ಈಗ ಬಯ್ಯಿ ನೋಡೂಣು. ಒಂಬತ್ತ ವರ್ಷದ್ದು ಎಲ್ಲಾ."

ನೀಲಕ್ಕ ಸೇಫ್ಟಿಪಿನ್ನನ್ನು ಬಳೆಗೆ ಸಿಕ್ಕಿಸಿಕೊಂಡು ಎದ್ದಳು. "ತಡಿಯವಾ, ಬಯ್ತೀನಿ. ಮೊದಲ ಚಹಾ ಇಡತೀನಿ."