ಸರೋವರ ಪ್ರವಾಸದ ಪೂರ್ವಭಾವಿ ಸಭೆಗಳು

ಜಗಳ ಬಂದಾಗಲೆಲ್ಲ ನಾನು ನನ್ನ ಹೆಂಡತಿಗೆ ಒಂದು ಸವಾಲು ಹಾಕುತ್ತಿದ್ದೆ. "ಒಂದೇ ಒಂದು ವಾರ ನನ್ನನ್ನ ಈ ಮನೇಲಿ ಒಬ್ಬನ್ನೇ ಬಿಟ್ಟು ನೋಡು, ರಾಜನ ಹಾಗೆ ಇರ್ತೀನಿ." ಮೂವತ್ತೊಂದು ವರ್ಷ ಈ ಮಾತು ಹೇಳಿದ್ದೇನೆ. ದೇವರು ದೊಡ್ಡವನು, ಕಿವಿ ಮಾತ್ರ ಸ್ವಲ್ಪ ನಿಧಾನ. ಕೊನೆಗೂ ಕೇಳಿಸಿಕೊಂಡ. ಅವಳ ಅಕ್ಕ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿ, ಬಲ್ಬನ್ನು ಭದ್ರವಾಗಿ ಹಿಡಿದುಕೊಂಡೇ ಕೆಳಗೆ ಬಿದ್ದು ಕಾಲು ಮುರಿದುಕೊಂಡರು. (ಬಲ್ಬಿಗೆ ಏನೂ ಆಗಲಿಲ್ಲ.) ಮರುದಿನವೇ ನನ್ನವಳು ರೈಲು ಹತ್ತಿದಳು. ಹದಿನೈದು ದಿನದಲ್ಲಿ ಬರುತ್ತೇನೆ ಎಂದಿದ್ದಳು. ಆದರೆ ಆ ಮೂಳೆಗೆ ಕೂಡಿಕೊಳ್ಳುವ ಅವಸರವೇನೂ ಇದ್ದಂತಿರಲಿಲ್ಲ. ಹದಿನೈದು ದಿನ ಎನ್ನುವುದು ನೋಡುನೋಡುತ್ತಲೇ ಎರಡು ತಿಂಗಳಾಯಿತು.

ಮೊದಲ ಮೂರು ದಿನ ನಾನು ನಿಜಕ್ಕೂ ರಾಜನ ಹಾಗೇ ಇದ್ದೆ. ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದೆ, ಯಾರೂ ಬೈಯಲಿಲ್ಲ. ನಾಲ್ಕನೆಯ ದಿನವೂ ಎಸೆದೆ. ಆಗಲೂ ಯಾರೂ ಬೈಯಲಿಲ್ಲ. ಬೈಯುವವರೇ ಇಲ್ಲದ ಮನೆಯಲ್ಲಿ ಟವೆಲು ಎಸೆದು ಏನು ಸುಖ? ಎದ್ದುಹೋಗಿ ನಾನೇ ಅದನ್ನು ಹರವಿ ಬಂದೆ. ಊಟವನ್ನು ಒಲೆಯ ಮುಂದೆ ನಿಂತುಕೊಂಡು ಪಾತ್ರೆಯಿಂದಲೇ ಮುಗಿಸತೊಡಗಿದೆ. ತಟ್ಟೆ ಇಟ್ಟುಕೊಂಡು ಕೂತರೆ ಎದುರಿಗಿನ ಕುರ್ಚಿ ಕಾಣುತ್ತಿತ್ತು, ಅದು ಬೇಡವಾಗಿತ್ತು. ರಸ್ತೆ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಿಂದ ನಾನು ನಿವೃತ್ತನಾಗಿ ಒಂದು ವರ್ಷವಾಗಿದೆ, ಹಾಗಾಗಿ ಬೆಳಿಗ್ಗೆ ಎದ್ದು ಓಡಿಹೋಗಲು ಆಫೀಸೂ ಇಲ್ಲ. ಸಂಜೆ ಅವಳು ಫೋನ್ ಮಾಡಿ ಬೇಜಾರಾಗುತ್ತಿದೆಯೇ ಎಂದು ಕೇಳಿದರೆ, ನನಗೇನು ಬೇಜಾರು, ಹಾಯಾಗಿದ್ದೇನೆ ಎನ್ನುತ್ತಿದ್ದೆ. ಮೂವತ್ತೊಂದು ವರ್ಷ ಜಂಬ ಕೊಚ್ಚಿದವನು ಮೂರೇ ವಾರಕ್ಕೆ ಸೋತೆ ಎಂದು ಒಪ್ಪಿಕೊಂಡರೆ ಮುಂದಿನ ಮೂವತ್ತೊಂದು ವರ್ಷ ಬದುಕುವುದು ಹೇಗೆ, ನೀವೇ ಹೇಳಿ.

ಇಂಥ ಹೊತ್ತಿನಲ್ಲಿ ಸರೋವರ ಬಂತು.

ನನಗೆ ಮೂವರು ಸ್ನೇಹಿತರು. ಒಬ್ಬರು ಔಷಧಿ ಅಂಗಡಿಯವರು, ಎದುರಿಗೆ ಬಂದವರ ಮುಖ ನೋಡಿದ ತಕ್ಷಣ ಅವರಿಗೆ ಯಾವ ಮಾತ್ರೆ ಬೇಕೆಂದು ಲೆಕ್ಕ ಹಾಕುವವರು. ಇನ್ನೊಬ್ಬ ದರ್ಜಿ, ಮಾತು ಕಡಿಮೆ. ಮೂರನೆಯವನು ಬಸ್ಸು ಓಡಿಸಿ ನಿವೃತ್ತನಾದವನು. ಅವನ ನಿಜವಾದ ಹೆಸರು ಅವನಿಗೇ ಮರೆತುಹೋಗಿದೆ, ಎಲ್ಲರೂ ಕರೆಯುವುದು ಗಡಿಬಿಡಿ ಎಂದೇ. ಈ ಗಡಿಬಿಡಿಯ ಹತ್ತಿರ ಈಗ ಒಂದು ಹಳೆಯ ವ್ಯಾನು ಇದೆ. ಚಳಿಗಾಲದಲ್ಲಿ ಬೆಟ್ಟದ ಮೇಲಿನ ಸರೋವರ ನೋಡಬೇಕು, ಶನಿವಾರ ಹೋಗಿ ಭಾನುವಾರ ಬಂದುಬಿಡೋಣ ಎಂದು ಅವನೇ ಸೂಚಿಸಿದ. ನಕ್ಷೆಯ ಮನುಷ್ಯ ನಾನೇ ಆದ್ದರಿಂದ ದಾರಿ ಗೊತ್ತುಮಾಡಲು ಭಾನುವಾರ ಮೂವರೂ ನನ್ನ ಮನೆಗೆ ಬಂದರು.

ಆ ಭಾನುವಾರವನ್ನು ನಾನು ಹೇಗೆ ವರ್ಣಿಸಲಿ? ಬಾಗಿಲ ಬಳಿ ಮೂರು ಜೊತೆ ಚಪ್ಪಲಿ. ಮೇಜಿನ ಮೇಲೆ ನಕ್ಷೆ, ನಕ್ಷೆಯ ನಾಲ್ಕು ಮೂಲೆಗೆ ನಾಲ್ಕು ಕಾಫಿ ಲೋಟ. ಗಡಿಬಿಡಿ ಜೋರಾಗಿ ಸೀನಿದ, ದರ್ಜಿ ಬಿಸ್ಕತ್ತಿನ ಪುಡಿಯನ್ನು ನೆಲದ ತುಂಬ ಚೆಲ್ಲಿದ, ಔಷಧಿ ಅಂಗಡಿಯವರು ನನ್ನ ಬಚ್ಚಲಿನ ನಲ್ಲಿಯಲ್ಲಿ ಕೊಂಕು ತೆಗೆದರು. ಮೂರು ಗಂಟೆ ನನ್ನ ಮನೆ ಗಲಗಲ ಎನ್ನುತ್ತಿತ್ತು. ಅವರು ಹೋದ ಮೇಲೆ ನಾಲ್ಕು ಲೋಟಗಳನ್ನು ಸಂಜೆಯವರೆಗೂ ತೊಳೆಯಲಿಲ್ಲ. ತೊಟ್ಟಿಯಲ್ಲಿ ನಾಲ್ಕು ಲೋಟ ಬಿದ್ದಿದ್ದರೆ ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತಿತ್ತು.

ಅಂದೇ ನನಗೆ ಒಂದು ಸತ್ಯ ಹೊಳೆಯಿತು. ಪ್ರವಾಸಕ್ಕೆ ಹೋದರೆ ಎರಡು ದಿನಕ್ಕೆ ಮುಗಿದುಹೋಗುತ್ತದೆ. ಹೋಗದಿದ್ದರೆ ಮುಗಿಯುವುದೇ ಇಲ್ಲ.

ಮುಂದಿನ ಭಾನುವಾರ ನಾನು ಎರಡನೆಯ ಪೂರ್ವಭಾವಿ ಸಭೆ ಕರೆದೆ. ವಿಷಯ: ಕಂಬಳಿ. ತಲೆಗೆ ಒಂದೇ ಎರಡೇ, ಉಣ್ಣೆಯದೇ ಹತ್ತಿಯದೇ, ವ್ಯಾನಿನಲ್ಲಿ ಮೇಲಿಡುವುದೇ ಕೆಳಗಿಡುವುದೇ. ಎರಡೂವರೆ ಗಂಟೆ ಚರ್ಚೆಯಾಯಿತು, ಯಾವ ತೀರ್ಮಾನಕ್ಕೂ ಬಾರದಂತೆ ನಾನು ನೋಡಿಕೊಂಡೆ. ಮೂರನೆಯ ಸಭೆಯಲ್ಲಿ ಗಡಿಬಿಡಿ ತಾಳ್ಮೆಗೆಟ್ಟು, ಬರುವ ಶನಿವಾರ ಹೊರಟುಬಿಡೋಣ ಎಂದ. ನಾನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಹನ್ನೊಂದನೆಯ ತಿರುವಿನ ಸೇತುವೆಯ ಬಗ್ಗೆ ಇಲಾಖೆಯ ದೃಷ್ಟಿಯಿಂದ ನನಗೆ ಗಂಭೀರವಾದ ಅನುಮಾನಗಳಿವೆ ಎಂದೆ. ಅಲ್ಲಿ ಸೇತುವೆಯೇ ಇಲ್ಲ. ಇದ್ದದ್ದು ಒಂದು ಮೋರಿ. ಆದರೆ ಇಲಾಖೆಯ ದೃಷ್ಟಿ ಎಂದ ಮೇಲೆ ಮರುಮಾತಾಡುವ ಧೈರ್ಯ ಯಾರಿಗಿದೆ? ನಾಲ್ಕನೆಯ ಸಭೆಯಲ್ಲಿ ಬೆಟ್ಟದ ದಾರಿಯ ಮೇಲೆ ನಾನೇ ಹಿಮ ಬೀಳಿಸಿದೆ. ಈ ನಡುವೆ ನನ್ನವಳಿಗೆ ಫೋನಿನಲ್ಲಿ ದಿನವೂ ಸರೋವರದ ವಿಚಾರವೇ. ನಿನ್ನ ಜೊತೆ ಮಾತಾಡಲೂ ಪುರುಸೊತ್ತಿಲ್ಲ ನೋಡು ಎಂದು ಒಂದೆರಡು ಸಲ ಹೇಳಿಯೂ ಬಿಟ್ಟೆ. ಅವಳು ಸುಮ್ಮನೆ ಹೂಂಗುಟ್ಟುತ್ತಿದ್ದಳು. ಹೊಟ್ಟೆ ಉರಿದುಕೊಳ್ಳಲಿ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಐದನೆಯ ಸಭೆಗೆ ಗಡಿಬಿಡಿ ಕಾಫಿ ಲೋಟವನ್ನು ಮುಟ್ಟಲೇ ಇಲ್ಲ. ಚಳಿಗಾಲ ಇನ್ನು ಹತ್ತು ದಿನ ಇದ್ದರೆ ಹೆಚ್ಚು, ಈ ಶನಿವಾರ ಬೆಳಿಗ್ಗೆ ಆರಕ್ಕೆ ವ್ಯಾನು ಹೊರಡುತ್ತದೆ, ಸೇತುವೆ ಬಿದ್ದರೂ ಸರಿ, ಬೆಟ್ಟ ಬಿದ್ದರೂ ಸರಿ ಎಂದು ಎದ್ದು ನಿಂತ. ಕಂಬಳಿ, ಸೇತುವೆ, ಹಿಮ ಎಲ್ಲವೂ ಖರ್ಚಾಗಿದ್ದವು. ನನ್ನ ಬತ್ತಳಿಕೆಯಲ್ಲಿ ಉಳಿದಿದ್ದ ಕೊನೆಯ ಬಾಣ ನಾನೇ. ಎದೆಯ ಮೇಲೆ ಕೈಯಿಟ್ಟುಕೊಂಡು ಎರಡು ಸಲ ಕೆಮ್ಮಿದೆ. ಥಂಡಿ ಗಾಳಿಗೆ ಹೋಗಕೂಡದು ಎಂದು ಡಾಕ್ಟರು ಹೇಳಿದ್ದಾರೆ, ಒಂದೆರಡು ವಾರ ಕಾದರೆ ಹೇಗೆ ಎಂದೆ. ನನ್ನನ್ನು ಬಿಟ್ಟು ಹೋಗುವಷ್ಟು ಕಲ್ಲುಮನಸ್ಸಿನವರಲ್ಲ ಎಂಬ ಧೈರ್ಯ ನನಗಿತ್ತು.

ಯಾರ ಮುಂದೆ ಕೆಮ್ಮುತ್ತಿದ್ದೇನೆ ಎಂಬುದನ್ನು ಮಾತ್ರ ಮರೆತಿದ್ದೆ. ಔಷಧಿ ಅಂಗಡಿಯವರ ಮುಖ ಅರಳಿತು. ಕೂತಲ್ಲೇ ನನ್ನ ನಾಡಿ ಹಿಡಿದರು, ನಾಲಿಗೆ ಹೊರಗೆ ತೆಗೆಸಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಒಂದೆರಡು ವಾರದ ಮಾತಲ್ಲ ಇದು," ಎಂದರು. "ಈ ವರ್ಷ ನೀವು ಬೆಟ್ಟದ ಕಡೆ ತಲೆ ಹಾಕಿಯೂ ಮಲಗಬಾರದು. ಸ್ನೇಹಿತನಾಗಿ ನಾನು ಬಿಡೋದಿಲ್ಲ."

"ಹಾಗಾದ್ರೆ ಪ್ರವಾಸ?" ಎಂದೆ.

"ನಿಮ್ಮ ಹೆಸರಲ್ಲಿ ನಾವು ಮೂರು ಜನ ಹೋಗಿ ಬರ್ತೀವಿ," ಎಂದ ದರ್ಜಿ. ಐದು ಸಭೆಗಳಲ್ಲಿ ಅವನು ಆಡಿದ ಮೊದಲ ಪೂರ್ಣ ವಾಕ್ಯ ಅದು.

ಗಡಿಬಿಡಿಯ ಕಣ್ಣಲ್ಲಿ ನೀರು ಬಂತು. ನನ್ನ ಕೈಯನ್ನು ಹಿಡಿದು ಬಹಳ ಹೊತ್ತು ಅಲ್ಲಾಡಿಸಿದ. ಆಮೇಲೆ ನನ್ನ ನಕ್ಷೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಹೇಗೂ ಬೇಕಾಗುವುದಿಲ್ಲವಲ್ಲ ಎಂದು ನನ್ನ ಉಣ್ಣೆಯ ಸ್ವೆಟರನ್ನೂ ತೆಗೆದುಕೊಂಡ.

ಗುರುವಾರ ನನ್ನವಳು ಫೋನ್ ಮಾಡಿದಳು. ಯಾವತ್ತೂ ಇಲ್ಲದ್ದು, ಶನಿವಾರ ಮನೆಯಲ್ಲೇ ಇರುತ್ತೀರಾ ಎಂದು ಕೇಳಿದಳು. ಸ್ನೇಹಿತರು ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ ಎನ್ನಲು ನಾಲಿಗೆಯೇ ಹೊರಳಲಿಲ್ಲ. ಶನಿವಾರ ಬೆಳಿಗ್ಗೆ ಸರೋವರಕ್ಕೆ ಹೊರಡುತ್ತಿದ್ದೇವೆ, ಮನೆಗೆ ಬೀಗ, ಎರಡು ದಿನ ನನ್ನನ್ನು ಹಿಡಿಯುವವರಿಲ್ಲ ಎಂದುಬಿಟ್ಟೆ. ಹೌದಾ, ಸರಿ ಎಂದಳು. ಆಮೇಲೆ ಕಿವಿಗೆ ಏನಾದರೂ ಕಟ್ಟಿಕೊಳ್ಳಿ ಎಂದು ಹೇಳಿ ಫೋನ್ ಇಟ್ಟಳು.

ಶನಿವಾರ ವ್ಯಾನು ನನ್ನ ಮನೆಯ ಮುಂದೆಯೇ ಹಾರನ್ ಹೊಡೆದುಕೊಂಡು ಹೋಯಿತು. ಮೂವರೂ ಕೈ ಬೀಸಿದರು. ಕಿಟಕಿಯಲ್ಲಿ ನಿಂತು ನಾನೂ ಬೀಸಿದೆ, ಪಾತ್ರಕ್ಕೆ ತಕ್ಕಂತೆ ಕೆಮ್ಮಿದೆ ಕೂಡ. ಆಮೇಲೆ ಮನೆಯಲ್ಲಿ ಏನೂ ಸದ್ದಿರಲಿಲ್ಲ. ಒಂದು ಲೋಟ ಕಾಫಿ ಮಾಡಿ ಕುಡಿದೆ, ಒಂದೇ ಲೋಟವನ್ನು ತೊಳೆದೆ. ಹನ್ನೆರಡಕ್ಕೆ ಗಡಿಬಿಡಿಯ ಫೋನ್. ಅಲ್ಲಿ ಗಾಳಿ, ನಗು, ಎಲ್ಲವೂ ಒಟ್ಟಿಗೇ ಕೇಳಿಸಿತು. ಸರೋವರ ಪೂರ್ತಿ ಹೆಪ್ಪುಗಟ್ಟಿದೆಯಂತೆ, ಮೇಲೆ ನಡೆದಾಡಿದರಂತೆ. ಇನ್ನೂ ಒಂದು ಸಂತೋಷದ ಸಮಾಚಾರವಿತ್ತು: ಮುಂದಿನ ವರ್ಷದ ಪ್ರವಾಸವನ್ನೂ ಬೆಂಕಿಯ ಮುಂದೆ ಚಳಿ ಕಾಯಿಸುತ್ತಾ ಹತ್ತೇ ನಿಮಿಷದಲ್ಲಿ ಗೊತ್ತುಮಾಡಿಬಿಟ್ಟರಂತೆ. ಸಭೆ ಗಿಭೆ ಎಂದು ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ, ನೀವು ಆರಾಮ ಮಾಡಿ ಎಂದ. ನಾನು ಥ್ಯಾಂಕ್ಸ್ ಹೇಳಿದೆ. ಮತ್ತೇನು ಹೇಳಲಿ?

ಎರಡು ಗಂಟೆಗೆ ನನ್ನವಳು.

"ಮುಟ್ಟಿದ್ರಾ? ಹೇಗಿದೆ ಸರೋವರ?"

ಅಡುಗೆಮನೆಯ ಗೋಡೆಗೆ ಒರಗಿಕೊಂಡು ನಾನು ಸರೋವರವನ್ನು ಬಣ್ಣಿಸತೊಡಗಿದೆ. ಐದು ವಾರ ಅದರ ನಕ್ಷೆ ನೋಡಿದವನಿಗೆ ಅದೇನು ಕಷ್ಟ? ಬಡಗಣ ದಂಡೆಯ ಬಂಡೆಗಳು, ತೆಂಕಣ ದಂಡೆಯ ಮರಗಳು, ನಡುವೆ ಹೆಪ್ಪುಗಟ್ಟಿದ ನೀರು ಕನ್ನಡಿಯ ಹಾಗೆ. ಇಲಾಖೆಯ ವರದಿಯಲ್ಲೂ ನಾನು ಇಷ್ಟು ಸೊಗಸಾಗಿ ಬರೆದವನಲ್ಲ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಮೂವತ್ತೊಂದು ವರ್ಷದಲ್ಲಿ ಅದೂ ಮೊದಲ ಸಲ. ಅಷ್ಟಾದ ಮೇಲೆ, ದರ್ಜಿಯ ಹತ್ತಿರ ಹೊಲಿಯಲು ಕೊಟ್ಟ ಕೋಟಿನ ತೋಳಿನ ವಿಷಯ ಮಾತಾಡಬೇಕು, ಅವರಿಗೆ ಫೋನ್ ಕೊಡಿ ಎಂದಳು.

"ಅವನು ಇಲ್ಲಿಲ್ಲ. ಮೂರೂ ಜನ ದೋಣೀಲಿ ಹೋಗಿದಾರೆ," ಎಂದೆ.

"ದೋಣೀಲಿ."

"ಹೂಂ."

"ಹೆಪ್ಪುಗಟ್ಟಿದ ನೀರಲ್ಲಿ."

ನಾನು ಕೆಮ್ಮಿದೆ. ಅವಳ ಮುಂದೆ ನನ್ನ ಕೆಮ್ಮು ಯಾವತ್ತೂ ನಡೆದದ್ದಿಲ್ಲ.

"ಎಲ್ಲಿದೀರಿ ನೀವು, ನಿಜ ಹೇಳಿ," ಎಂದಳು. ಬೈಯುವ ದನಿಯಲ್ಲ. ಬೈದಿದ್ದರೆ ಇನ್ನೊಂದು ಸುಳ್ಳು ಹುಟ್ಟುತ್ತಿತ್ತೋ ಏನೋ. ಮೆತ್ತಗೆ ಕೇಳಿದಳು, ಅಷ್ಟಕ್ಕೇ ನಾನು ಕರಗಿಹೋದೆ. ಎಲ್ಲವನ್ನೂ ಹೇಳಿಬಿಟ್ಟೆ: ಕಂಬಳಿ, ಇಲ್ಲದ ಸೇತುವೆ, ಕೆಮ್ಮು, ತೊಳೆಯದ ಲೋಟಗಳು.

"ನೀನಿಲ್ಲದೆ ನನಗೆ ಈ ಮನೇಲಿ ಇರೋಕೆ ಆಗ್ತಿಲ್ಲ ಕಣೇ," ಎಂದೆ. "ಮೊದಲನೇ ವಾರದಿಂದಲೂ ಆಗ್ತಿಲ್ಲ."

ಫೋನ್ ಕಟ್ಟಾಯಿತೇನೋ ಎಂದು ನಾನು ಎರಡು ಸಲ ಹಲೋ ಎಂದೆ.

"ಇದೇ ಮಾತನ್ನ ಗುರುವಾರ ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು. "ಅಕ್ಕ ವಾರದಿಂದ ಕೋಲು ಹಿಡ್ಕೊಂಡು ಓಡಾಡ್ತಿದಾಳೆ. ಇವತ್ತಿನ ರೈಲಿಗೆ ನನ್ನ ಟಿಕೆಟ್ ಆಗಿತ್ತು. ಹೇಳದೆ ಬಂದು ನಿಮ್ಮನ್ನ ಬೆಚ್ಚಿಬೀಳಿಸೋಣ ಅಂತಿದ್ದೆ. ಈ ಹೊತ್ತಿಗೆ ಮನೇಲಿ ಇರ್ತಿದ್ದೆ."

"ಮತ್ತೆ?"

"ಮತ್ತೇನು? ಐದು ವಾರದಿಂದ ಸರೋವರ ಸರೋವರ ಅಂತ ಕುಣೀತಿದ್ರಿ. ನಿಮ್ಮ ಖುಷಿಗೆ ನಾನ್ಯಾಕೆ ಕಲ್ಲು ಹಾಕ್ಲಿ ಅಂತ ಟಿಕೆಟ್ ರದ್ದು ಮಾಡ್ಸಿದೆ."

ನಾಳೆಯೇ ಬಂದುಬಿಡು ಎಂದೆ. ಈಗ ರಜೆಯ ಕಾಲ, ರೈಲುಗಳು ತುಂಬಿಹೋಗಿವೆ, ಇನ್ನು ಮೂರು ವಾರ ಒಂದು ಸೀಟೂ ಇಲ್ಲವಂತೆ, ನಿನ್ನೆಯೇ ವಿಚಾರಿಸಿದ್ದಳಂತೆ. ಹಾಗಾದರೆ ನಾನೇ ಬರುತ್ತೇನೆ ಎಂದೆ. ಈ ಕಡೆಯಿಂದ ಆ ಕಡೆಗೂ ಅದೇ ರೈಲು ಕಣ್ರೀ ಎಂದಳು. ಅಷ್ಟು ಹೇಳುವಾಗ ಅವಳಿಗೆ ನಗು ಬಂತು, ನಗುವಿನ ನಡುವೆ ಮೂಗು ಸೇದಿದ್ದೂ ನನಗೆ ಕೇಳಿಸಿತು.

ಇವತ್ತು ಭಾನುವಾರ. ನಾನು ಗೋಡೆಯ ಕ್ಯಾಲೆಂಡರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಕಂಬಳಿ, ಸೇತುವೆ, ಹಿಮ ಎಂದು ಒಂದು ತಾರೀಕನ್ನು ಐದು ವಾರ ಮುಂದಕ್ಕೆ ತಳ್ಳಿದ ಮಹಾಶಯ ನಾನು. ಅವಳು ಬರುವ ಈ ಇನ್ನೊಂದು ತಾರೀಕನ್ನು ಒಂದೇ ಒಂದು ದಿನ ಈಚೆಗೆ ಎಳೆದುಕೊಳ್ಳಲು ಬೆಳಗಿನಿಂದ ಯೋಚಿಸುತ್ತಿದ್ದೇನೆ, ಏನೂ ಹೊಳೆಯುತ್ತಿಲ್ಲ.