ಕಪ್ಪು ಚೌಕಟ್ಟಿನ ರಟ್ಟು

ಇಲ್ಲದ ವಸ್ತುವನ್ನು ನಿಮ್ಮ ಕೈಮೇಲೆ ಇಟ್ಟು, "ಚೆನ್ನಾಗಿ ನೋಡು" ಎನ್ನುವವನನ್ನು ಏನೆಂದು ಕರೆಯುತ್ತೀರಿ? ನಮ್ಮ ಹಟ್ಟಿಯವರು ಹುಚ್ಚ ಎಂದರು. ನಾನು ಅಣ್ಣ ಎನ್ನುತ್ತೇನೆ. ವಿಧಿಯಿಲ್ಲ!

ಅಣ್ಣ ಊಟಿ ಪಕ್ಕದ ಸೋಲೂರಿನ ಕಡೆ ಮೇಷ್ಟ್ರು. ಶಾಲೆಗಿದ್ದ ಒಂದೇ ಕಂಪ್ಯೂಟರನ್ನು ಬಿಚ್ಚಕೂಡದೆಂದು ಹೆಡ್‌ಮೇಷ್ಟ್ರ ಆಜ್ಞೆ. ಅದರ ಹೊಟ್ಟೆಯೊಳಗೆ ಏನಿದೆಯೆಂದು ಮಕ್ಕಳಿಗೆ ತೋರಿಸುವುದು ಹೇಗೆ? ಅಣ್ಣ ಊಟಿಯಿಂದ ಒಂದು ಸಿ.ಡಿ., ಪುಟ್ಟ ಕ್ಯಾಮೆರಾ ತಂದ. ಬಿಳಿ ರಟ್ಟಿನ ಚೂರುಗಳ ಮೇಲೆ ದಪ್ಪ ಕಪ್ಪು ಚೌಕಟ್ಟು ಅಂಟಿಸಿದ. ರಟ್ಟನ್ನು ಕ್ಯಾಮೆರಾದ ಮುಂದೆ ಹಿಡಿದರೆ, ಪರದೆಯಲ್ಲಿ ಅದರ ಮೇಲೆ ಕಂಪ್ಯೂಟರಿನ ಒಂದೊಂದು ಭಾಗ ಎದ್ದು ನಿಲ್ಲುತ್ತಿತ್ತು. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರಂತೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾನು ಅರ್ಧ ಸಾಲು ಚಹಾ ಎಲೆ ಕಿತ್ತೇನು!

ಬುತ್ತಿ ತಂದ ಅವ್ವೆಯ ಕೈಗೂ ಒಂದು ರಟ್ಟು ಕೊಟ್ಟ. ಪರದೆಯಲ್ಲಿ ಅವಳ ಕೈಮೇಲೆ ಫ್ಯಾನು ಗಿರ್ರನೆ ತಿರುಗಿತು.

"ಗಾಳಿಯೇ ಇಲ್ಲೆ ಮಗಾ! ಕೆಟ್ಟ ಫ್ಯಾನು ಕೊಟ್ಟು ನಿನಗೆ ಮೋಸ ಮಾಡಿಬಿಟ್ಟಾರೆ."

"ಅದು ಕಂಪ್ಯೂಟರಿನ ಸೆಕೆಗೆ, ಅವ್ವೆ."

"ಈ ಚಳಿಯಲ್ಲಿ ಅದಕ್ಕೊಂದಕ್ಕೇ ಸೆಕೆಯೋ?"

ಹೆಡ್‌ಮೇಷ್ಟ್ರಿಗೆ ಇದು ಮೋಡಿಯಾಟವಾಗಿ ಕಂಡಿತು. ಶನಿವಾರ ಹೆತ್ತವರು ನೋಡಿ ಒಪ್ಪಿದರೆ ಪಾಠ, ಇಲ್ಲವಾದರೆ ಬಂದ್ ಎಂದರು. ಆ ದಿನ ಹೆತ್ತವರ ಮುಂದೆ ರಟ್ಟು ಹಿಡಿಯಲು ಅಣ್ಣ ನನ್ನನ್ನು ನಿಲ್ಲಿಸಿದ.

"ಇದಕ್ಕೆ ಓದೇ ಬೇಡ! ಐದನೇ ಕ್ಲಾಸಿಗೆ ಬಿಟ್ಟ ನನ್ನ ತಮ್ಮನೂ ಹಿಡೀತಾನೆ, ನೋಡಿ" ಎಂದ.

ಎಲ್ಲರೂ ನಕ್ಕರು. ಅವನು ಕೀಟಲೆಗೆ ಹೇಳಿದ್ದಲ್ಲ, ಅದೇ ಹೆಚ್ಚು ಚುಚ್ಚಿತು.

ಚೌಕಟ್ಟಿನ ಒಂದಂಚು ಮುಚ್ಚಿದರೂ ಚಿತ್ರ ಮಾಯ. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ನೂರು ಸಲ ಹಿಡಿದು ಅಭ್ಯಾಸ ಮಾಡಿದ್ದ ನನಗೆ ಅದು ಗೊತ್ತಿರಲಿಲ್ಲವೇ? ಹೆಬ್ಬೆರಳನ್ನು ಮೆಲ್ಲಗೆ ಒಳಕ್ಕೆ ಜಾರಿಸಿದೆ.

"ಪಡ ಎಲ್ಲಿ, ವಾತಿಯಾರೇ?" ಚಿತ್ರ ಕಾಣದೆ ಹೆತ್ತವರಲ್ಲೊಬ್ಬರು ಮೇಷ್ಟ್ರನ್ನು ಕೇಳಿದರು.

"ಮಂಜಿನಲ್ಲಿ ದಾರಿ ತಪ್ಪಿತೋ ಏನೋ!"

ಅಣ್ಣ ಕಿಟಕಿ ತೆರೆದ, ಮುಚ್ಚಿದ, ತಂತಿ ಒತ್ತಿದ, ಬೆವರಿದ. ನಾನು ಬೆರಳು ತೆಗೆಯಲಿಲ್ಲ. ಪಾಠ ನಿಂತಿತು. ಅವನು ಬೈದದ್ದು ಬೆಳಕನ್ನು.

ನಾನು ಪಾರಾದೆ ಎಂದುಕೊಂಡೆ. ಆದರೆ ಎಲೆ ಕೀಳುವವನ ಬೆರಳಿನ ಕಲೆ ಯಾವ ಸೋಪಿಗೆ ಬಗ್ಗುತ್ತದೆ?

ಅಣ್ಣ ಕಾಡಿಬೇಡಿ ಇನ್ನೊಂದು ಶನಿವಾರ ಕೇಳಿ ಪಡೆದ. ಅಂದು ನೋಡಿದರೆ, ಪ್ರತಿ ರಟ್ಟಿಗೂ ಮರದ ಹಿಡಿ! ಹಿಡಿ ಹಾಕಿದ ಅದೇ ಹಳೆಯ ರಟ್ಟನ್ನು ನನ್ನ ಕೈಗೆ ಕೊಟ್ಟ. ಬಿಳಿ ಅಂಚಿನಿಂದ ಕಪ್ಪಿನತ್ತ ಹೋದ ನನ್ನ ಹೆಬ್ಬೆರಳಿನ ಕಂದು ಗುರುತು ಹಾಗೇ ಇತ್ತು. ಅವನು ಒರೆಸಿರಲಿಲ್ಲ.

"ಬೇರೆ ಯಾರಾದರೂ ಹಿಡೀಲಿ, ಅಣ್ಣಾ" ಎಂದೆ.

"ನೀನೇ ಹಿಡಿ ತಮ್ಮಾ" ಎಂದ, ನನ್ನ ಮುಖ ನೋಡದೆ. "ಬೆರಳು ಇಡೋಕೆ ಜಾಗ ಮಾಡಿದ್ದೀನಿ."