ಟಿಕ್ ಟಿಕ್ ಶಬ್ದವೂ ನನ್ನ ಇಂಚಿನ ಸ್ಪ್ಯಾನರುಗಳೂ

ಗಾಡಿ ರಿಪೇರಿಯ ವಿಷಯದಲ್ಲಿ ನಾನು ಯಾರಿಗೂ ಹೆದರುವವನಲ್ಲ. ಹೆದರಬೇಕಾದವರು ಗಾಡಿಯ ಮಾಲೀಕರು ಎಂಬುದು ನನ್ನ ಹೆಂಡತಿ ವನಜಳ ಅಭಿಪ್ರಾಯ. ಈ ಸಲ ಮಾಲಕಿ ಅವಳೇ.

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಮೊದಲು ಗಣಪಣ್ಣನ ಗ್ಯಾರೇಜು ಇತ್ತು. ನನ್ನ ಹಳೆಯ ಜೀಪನ್ನು ಅಲ್ಲಿ ಸರ್ವೀಸಿಗೆ ಬಿಟ್ಟರೆ ನಾನೂ ದಿನವಿಡೀ ಅಲ್ಲೇ ಕೂರುತ್ತಿದ್ದೆ. ಆಗಿನ ಸರ್ವೀಸ್ ಎಂದರೆ ಸರ್ವೀಸ್. ಗಾಡಿಯನ್ನು ಹೊಂಡದ ಮೇಲೆ ನಿಲ್ಲಿಸಿ, ಗಣಪಣ್ಣ ಕೆಳಗಿಳಿದು, ಗ್ರೀಸ್ ಗನ್ನಿನಿಂದ ಒಂದೊಂದು ಕೀಲಿಗೂ ಗ್ರೀಸ್ ತುಂಬುತ್ತಿದ್ದ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದ. "ಟ್ಯಾಪೆಟ್" ಎನ್ನುತ್ತಿದ್ದ, ಇಂಜಿನ್ನಿನ ವಾಲ್ವುಗಳನ್ನು ತಟ್ಟುವ ಭಾಗದ ಹೆಸರು. ಅಷ್ಟೇ, ರೋಗ ಸಿಕ್ಕಿತು! ಯಾವ ಶಬ್ದ ಬಂದರೂ ಅವನು ಟ್ಯಾಪೆಟ್ ಎಂದೇ ಹೇಳುತ್ತಿದ್ದ ಎಂಬುದು ನನಗೆ ಹೊಳೆದದ್ದು ಇದನ್ನು ಬರೆಯುವಾಗ.

ಗ್ಯಾರೇಜು ಮುಚ್ಚಿದಾಗ ಅವನ ಟೂಲ್ಸ್ ಪೆಟ್ಟಿಗೆ ನನ್ನ ಮನೆಗೆ ಬಂತು. ಗ್ರೀಸ್ ಗನ್ನು, ಟ್ಯಾಪೆಟ್ಟಿನ ಸಂದು ಅಳೆಯುವ ತೆಳು ತಗಡುಗಳ ಗೊಂಚಲು, ಬ್ಯಾಟರಿ ನೀರು ಪರೀಕ್ಷಿಸುವ ಗಾಜಿನ ಪಿಚಕಾರಿ, ಮತ್ತು ತೂಕದಲ್ಲೇ ಗೌರವ ಹುಟ್ಟಿಸುವ ಸ್ಪ್ಯಾನರುಗಳು. ಆಯುಧಪೂಜೆಯ ದಿನ ಎಲ್ಲಕ್ಕೂ ಕುಂಕುಮ ಹಚ್ಚುತ್ತೇನೆ. ಉಳಿದ ದಿನ ಅವಕ್ಕೆ ಕೆಲಸವಿಲ್ಲ. ನನಗೂ ಹೆಚ್ಚೇನಿಲ್ಲ.

ವನಜ ಇತ್ತೀಚೆಗೆ ಡ್ರೈವಿಂಗ್ ಕಲಿತು ಸಣ್ಣದೊಂದು ಹೊಸ ಕಾರು ಕೊಂಡಳು. ಅದಕ್ಕೆ ಕಾರಣವಿತ್ತು. ಅವಳ ಭಜನಾ ಮಂಡಳಿಯ ಹೆಂಗಸರು ಎಲ್ಲಿಗೆ ಹೋಗಬೇಕಾದರೂ ಯಾರದ್ದಾದರೂ ಗಂಡ ತಿಂಡಿ ಮುಗಿಸಿ, ಎಲೆಯಡಿಕೆಯ ಕವಳ ಹಾಕಿ, ಅಂಗಿ ಹುಡುಕಿ ಹೊರಡುವವರೆಗೆ ಕಾಯಬೇಕಿತ್ತು. "ಈ ಸಲ ಶೃಂಗೇರಿಗೆ ನಾನೇ ಎಲ್ಲರನ್ನೂ ಕರ್ಕೊಂಡು ಹೋಗ್ತೇನೆ. ಯಾವ ಗಂಡನೂ ಬೇಡ" ಎಂದು ಅವಳು ಮಂಡಳಿಯಲ್ಲಿ ಘೋಷಿಸಿದ್ದಳು. ಶನಿವಾರ ಬೆಳಿಗ್ಗೆ ಅಲ್ಲಿ ಹಲವು ಮಂಡಳಿಗಳ ಭಜನೆ. ಮೊದಲ ಸರದಿಯೇ ಇವರದು. ವಾರವಿಡೀ ಅವಳು ಹಾಡಿಗಿಂತ ಹೆಚ್ಚಾಗಿ ರಿವರ್ಸ್ ಗೇರನ್ನು ಅಭ್ಯಾಸ ಮಾಡಿದಳು.

ಗುರುವಾರ ಮಂಡಳಿಯಲ್ಲಿ ತಾಳ ಹಾಕುವ ಸರಸಕ್ಕನನ್ನು ಕೂರಿಸಿಕೊಂಡು ಹರಿಹರಪುರದವರೆಗೆ ಹೋಗಿ ಬಂದವಳು ಹೇಳಿದಳು, "ಗಾಡಿಯಲ್ಲಿ ಎಂತದೋ ಟಿಕ್ ಟಿಕ್ ಅಂತದೆ. ದಾರಿಯುದ್ದಕ್ಕೂ ಬಂತು. ಪೇಟೆಯೊಳಗೆ ಅಷ್ಟಿಲ್ಲ. ನರಸಿಂಹರಾಜಪುರದ ಸರ್ವೀಸಿನವರಿಗೆ ತೋರಿಸ್ಬೇಕು."

"ಅವರೆಂತ ನೋಡ್ತಾರೆ? ಕಂಪ್ಯೂಟರ್ ಚುಚ್ತಾರೆ. ಕಿವಿಯಲ್ಲಿ ಕೇಳಿ ಹೇಳುವವರು ಈಗ ಯಾರಿದ್ದಾರೆ? ನಾನಿದ್ದೇನಲ್ಲ."

"ಅದೇ ಹೆದರಿಕೆ" ಎಂದಳು ವನಜ.

ನಾನು ಗಾಡಿ ತೆಗೆದುಕೊಂಡು ಜಯಪುರಕ್ಕೆ ಹೋಗಿ ಬಂದೆ. ಶಬ್ದವೇ ಇಲ್ಲ. ಅವಳು ಅದೇ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಂದಳು. ಟಿಕ್ ಟಿಕ್ ಇದೆ! ನಾನೂ ಜೊತೆಗೆ ಬರುತ್ತೇನೆಂದೆ. "ನೀವು ಪಕ್ಕ ಕೂತ್ರೆ ಇಲ್ಲದ ಬ್ರೇಕ್ ತುಳಿತೀರಿ. ಬೇಡ" ಎಂದಳು.

ನನ್ನ ತಲೆ ಕೆಟ್ಟುಹೋಯಿತು. ಒಂದೇ ಗಾಡಿ, ಒಂದೇ ರಸ್ತೆ. ಗಂಡ ಬಿಟ್ಟರೆ ಶಬ್ದವಿಲ್ಲ, ಹೆಂಡತಿ ಬಿಟ್ಟರೆ ಶಬ್ದ. ಪಕ್ಕದ ಮನೆಯ ಶೇಷಪ್ಪನ ಬಳಿ ಈ ವಿಚಾರವನ್ನು ಮಂಡಿಸಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ಬೋರ್‌ವೆಲ್ ಪಂಪೂ ಹಾಗೇ ಮಾರಾಯ. ನಾನು ಹಾಕಿದ್ರೆ ನೀರು ಬರ್ತದೆ, ಇವಳು ಹಾಕಿದ್ರೆ ಟ್ರಿಪ್ ಆಗ್ತದೆ." ದೀರ್ಘ ಸಮಾಲೋಚನೆಯ ನಂತರ ನಾವಿಬ್ಬರೂ ತೀರ್ಮಾನಕ್ಕೆ ಬಂದೆವು. ವನಜಳ ಕಾಲು ಆಕ್ಸಿಲರೇಟರಿನ ಮೇಲೆ ಭಾರ. ಹಾಗಾಗಿ ಸಡಿಲಾದ ಟ್ಯಾಪೆಟ್ ಅವಳಿಗೆ ಮಾತ್ರ ಮಾತಾಡುತ್ತದೆ.

ಶುಕ್ರವಾರ ಮಧ್ಯಾಹ್ನ ಅವಳು ಹಾಡಿನ ಅಭ್ಯಾಸಕ್ಕೆ ಹೋದ ಕೂಡಲೇ ನಾನು ಶೇಷಪ್ಪನನ್ನು ಕರೆದು, ಪೆಟ್ಟಿಗೆ ತಂದು ಬಾನೆಟ್ ಎತ್ತಿದೆ. ಒಳಗೆ ಇಂಜಿನ್ ಇರಲಿಲ್ಲ. ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಮುಚ್ಚಳವೊಂದು ಇತ್ತು.

"ಇದರಲ್ಲಿ ಇಂಜಿನ್ನು ಆಮೇಲೆ ಹಾಕ್ತಾರಾ ಎಂತ?" ಎಂದ ಶೇಷಪ್ಪ.

ಮುಚ್ಚಳ ಎಳೆದೆ. ಟಪ್ ಎಂದಿತು. ಕೈಗೆ ಬಂದದ್ದು ಮುಚ್ಚಳವಲ್ಲ, ಅದನ್ನು ಹಿಡಿದಿದ್ದ ಕೊಕ್ಕೆ. ಉಳಿದ ಕೊಕ್ಕೆಗಳೂ ಹಾಗೇ ಬಂದವು. ಕೆಳಗೆ ಇನ್ನೊಂದು ಪ್ಲಾಸ್ಟಿಕ್ ಡಬ್ಬಿ. ಕಾರ್ಬುರೇಟರ್ ಹುಡುಕಿದೆ, ಇಲ್ಲ. ಗ್ರೀಸ್ ತುಂಬುವ ತೂತು ಹುಡುಕಿದೆ, ಅದೂ ಇಲ್ಲ. ಗನ್ ಕೆಲಸ ಮಾಡುತ್ತದೋ ಎಂದು ಒತ್ತಿ ನೋಡಿದೆ. ಮಾಡಿತು. ಶೇಷಪ್ಪ ಅಂಗಿ ಬದಲಾಯಿಸಲು ಮನೆಗೆ ಹೋದ.

ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಕಣ್ಣು ಮುಚ್ಚಿದೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿರಲಿಲ್ಲ. ಮಾಡಿದ ಮೇಲೂ ಕೇಳಿಸಿದ್ದು ಸರ್ರೆಂಬ ಸದ್ದು ಮಾತ್ರ.

ಯಾವ ಕೆಲಸಕ್ಕೂ ಮೊದಲು ಬ್ಯಾಟರಿ ಬಿಚ್ಚುವುದು ಗಣಪಣ್ಣನ ಪದ್ಧತಿ. ನಾನು ಎಲ್ಲ ಕೆಲಸದ ಕೊನೆಗೆ, ಇಂಜಿನ್ ಆಫ್ ಮಾಡಿ, ಬಿಚ್ಚಲು ಹೊರಟೆ. ಆಗ ತಿಳಿಯಿತು, ನನ್ನ ಸ್ಪ್ಯಾನರುಗಳೆಲ್ಲ ಇಂಚಿನ ಲೆಕ್ಕದವು, ಈ ಗಾಡಿಯ ನಟ್ಟುಗಳು ಮಿಲಿಮೀಟರಿನವು. ಒಂದು ಹೋಗುವುದಿಲ್ಲ, ಇನ್ನೊಂದು ನಿಲ್ಲುವುದಿಲ್ಲ. ನಿಲ್ಲದ್ದಕ್ಕೆ ಬಟ್ಟೆ ಸುತ್ತಿ ತಿರುಗಿಸಿ ಬ್ಯಾಟರಿ ಬಿಚ್ಚಿದೆ. ಪಿಚಕಾರಿ ಹಾಕಲು ಅದಕ್ಕೆ ಬಿರಡೆಯೇ ಇರಲಿಲ್ಲ. ಮತ್ತೆ ಜೋಡಿಸಿದೆ.

ಗಾಡಿ ಕೂಗತೊಡಗಿತು. ಪೋಂ ಪೋಂ ಎಂದು, ನಾಲ್ಕೂ ದಿಕ್ಕಿನ ದೀಪ ಮಿನುಗಿಸುತ್ತ, ನನ್ನನ್ನು ಕಳ್ಳನೆಂದು ಇಡೀ ಬೀದಿಗೆ ಸಾರಿತು. ಅದು ಸುಸ್ತಾಗಿ ಸುಮ್ಮನಾಗುವ ಹೊತ್ತಿಗೆ ವನಜ ಗೇಟಿನಲ್ಲಿ ನಿಂತಿದ್ದಳು. ಕೀ ತಿರುಗಿಸಿದರೆ ಇಂಜಿನ್ ಏಳಲಿಲ್ಲ, ಪರದೆಯ ಮೇಲೆ ಬೀಗದ ಚಿತ್ರ ಮಾತ್ರ ಬಂತು.

"ನಾಳೆ ಬೆಳಿಗ್ಗೆ ಹೋಗ್ಬೇಕಿತ್ತು" ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸರ್ವೀಸಿನವರು ಬೆಳಿಗ್ಗೆ ಹತ್ತರ ನಂತರ ಬರುತ್ತೇವೆ ಎಂದರು. ಹಾಗಾಗಿ ಶನಿವಾರ ಹೊಸ ಸೀರೆಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಶೇಷಪ್ಪನ ಪಿಕಪ್ಪಿಗಾಗಿ ಕಾದರು. ಅವನು ತಿಂಡಿ ಮುಗಿಸಿ, ಕವಳ ಹಾಕಿ, ಗ್ರೀಸ್ ಇಲ್ಲದ ಅಂಗಿಯೊಂದನ್ನು ಹುಡುಕಿ ಹೊರಟ. ವನಜ ಪಿಕಪ್ಪಿನ ಹಿಂಭಾಗದಲ್ಲಿ ಹಾರ್ಮೋನಿಯಂ ಹಿಡಿದುಕೊಂಡು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

ಸರ್ವೀಸಿನವನು ಬಂದು ಅಂಗೈಯಗಲದ ಯಂತ್ರವೊಂದನ್ನು ಚುಚ್ಚಿದ. ಗಾಡಿ ಎದ್ದಿತು. "ಟಿಕ್ ಟಿಕ್ ಬಗ್ಗೆ ಅದೆಂತ ಹೇಳ್ತದೆ?" ಎಂದು ಕೇಳಿದೆ. "ಎಂತ ಹೇಳೂದಿಲ್ಲ" ಎಂದ ಅವನು, ನನ್ನ ಗ್ರೀಸ್ ಗನ್ನಿನ ಫೋಟೋ ತೆಗೆದುಕೊಂಡು ಹೋದ.

ನಾನು ಶೃಂಗೇರಿಗೆ ಧಾವಿಸಿದೆ. ಇವರ ಮೊದಲ ಸರದಿ ಕೊನೆಯ ಸರದಿಯಾಗಿತ್ತು. ಮೈಕಿನವನು ವೈರು ಸುತ್ತುತ್ತಿದ್ದಾಗ ಇವರು ಮಂಗಳ ಹಾಡುತ್ತಿದ್ದರು. ಹೊರಗೆ ಬಂದ ವನಜ ಕೀಗಾಗಿ ಕೈ ಚಾಚಿದಳು. ಸರಸಕ್ಕ ಮತ್ತಿಬ್ಬರು ಹಿಂದೆ ಕೂತರು. ಉಳಿದವರು ಪಿಕಪ್ ಹತ್ತಿದರು. ಬೇರೆ ಜಾಗವಿಲ್ಲದೆ ನಾನು ವನಜಳ ಪಕ್ಕದಲ್ಲಿ ಕೂತೆ.

ಊರು ದಾಟಿದ್ದೇ ಟಿಕ್ ಟಿಕ್ ಶುರುವಾಯಿತು. ನೋಡಿದೆ. ರಸ್ತೆ ಎಡಕ್ಕೆ ಬಾಗಿದರೆ ಅವಳ ಬೆರಳು ಎಡಕ್ಕೆ ಇಂಡಿಕೇಟರ್ ಹಾಕುತ್ತಿತ್ತು. ಬಲಕ್ಕೆ ಬಾಗಿದರೆ ಬಲಕ್ಕೆ. ನಮ್ಮ ಕಡೆಯ ರಸ್ತೆಯಲ್ಲಿ ತಿರುವು ಬಿಟ್ಟರೆ ಇನ್ನೇನಿದೆ?

"ಇದೆಂತಕ್ಕೆ ಹಾಕ್ತಿದ್ದೀಯ?"

"ತಿರುವಿನಲ್ಲಿ ಹಾಕ್ಬೇಕು ಅಂತ ಡ್ರೈವಿಂಗ್ ಸ್ಕೂಲಿನವರು ಹೇಳಿದ್ದಾರೆ."

"ಅದರದ್ದೇ ಶಬ್ದ ಅದು."

"ಇಂಡಿಕೇಟರಿಗೆ ಶಬ್ದ ಇರ್ತದಾ? ಸ್ಕೂಲಿನ ಗಾಡಿಯಲ್ಲಿ ಇರ್ಲಿಲ್ಲ." ಮತ್ತೊಂದು ತಿರುವಿಗೆ ಬಲಕ್ಕೆ ಹಾಕಿ ಕೇಳಿದಳು, "ಮತ್ತೆ ನೀವು ಬಿಟ್ಟಾಗ ಯಾಕೆ ಬರ್ಲಿಲ್ಲ?"

ನನ್ನ ಜೀಪಿನಲ್ಲಿ ಇಂಡಿಕೇಟರ್ ಎಂದರೆ ನನ್ನ ಬಲಗೈ. ಈ ಹೊಸ ಕಾರಿನಲ್ಲೂ ನಾನು ಕಿಟಕಿಯಾಚೆ ಕೈ ಚಾಚಿಕೊಂಡೇ ಜಯಪುರಕ್ಕೆ ಹೋಗಿ ಬಂದಿದ್ದೆ. ಅದನ್ನು ಮೆಲ್ಲಗೆ ಹೇಳಿದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. "ಹೋಗುವಾಗ ನೀನೇ ಬಿಡ್ಬೇಕಿತ್ತು. ನಾನು ಕೆಡಿಸಿದೆ" ಎಂದೆ.

ಅವಳು ಮುಂದಿನ ತಿರುವಿನಲ್ಲಿ ಇಂಡಿಕೇಟರ್ ಹಾಕಲಿಲ್ಲ. ಗಾಡಿ ಚೆಂದವಾಗಿ, ಸದ್ದಿಲ್ಲದೆ ತಿರುಗಿತು.

"ಶಬ್ದ ನಿಂತಿತಲ್ಲ ವನಜ?" ಹಿಂದಿನಿಂದ ಸರಸಕ್ಕ ಕೇಳಿದರು.

"ನಿಂತಿದೆ" ಎಂದು ವನಜ ಒಮ್ಮೆ ನನ್ನ ಕಡೆ ನೋಡಿದಳು. "ಕೊಪ್ಪ ಬರುವವರೆಗೆ ಹೀಗೇ ಇದ್ರೆ ಸಾಕು."

ಅವಳು ಹೇಳಿದ್ದು ಗಾಡಿಯ ಬಗ್ಗೆ ಅಲ್ಲ ಎಂದು ನನಗೆ ತಿಳಿಯಿತು. ಕೊಪ್ಪ ಬರುವವರೆಗೆ ನಾನು ಬಾಯಿ ಬಿಡಲಿಲ್ಲ.